ನಾಲ್ಕು ತೂತುಗಳ ಲೆಕ್ಕ

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ಉಡುಪಿಯ ಆಸ್ಪತ್ರೆಯಿಂದ ಕಾಪುವಿನ ಮನೆಗೆ ಬಂದ ರಾತ್ರಿ ನನಗೆ ಹೊಟ್ಟೆಗಿಂತ ಹೆಚ್ಚು ನೋಯುತ್ತಿದ್ದದ್ದು ಬಲ ಭುಜ. ಮಲಗಿದ್ದು ಸರಿಯಾಗಲಿಲ್ಲವೇನೋ ಎಂದು ಅಮ್ಮ ಎಣ್ಣೆ ಬಿಸಿ ಮಾಡಿ ತಂದರು.

ಅದು ಎಣ್ಣೆಗೆ ಬಗ್ಗುವ ನೋವಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಕ್ಕುಳ ಬಳಿಯ ತೂತಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಹೊಟ್ಟೆಯನ್ನು ಡೇರೆಯಂತೆ ಎತ್ತುತ್ತಾರೆ. ಇಲ್ಲದಿದ್ದರೆ ಕ್ಯಾಮೆರಾಕ್ಕೆ ನೋಡಲು ಜಾಗವೇ ಇಲ್ಲ. ಕೊನೆಗೆ ಹೊರಬಿಟ್ಟರೂ ಒಂದಿಷ್ಟು ಉಳಿಯುತ್ತದೆ, ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಮಿದುಳಿಗೆ ವಿಳಾಸ ತಪ್ಪುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದಂತೆ, ನಡೆದಾಡಬೇಕು ಅಷ್ಟೆ.

ಕಾರ್ಕಳದಿಂದ ದೊಡ್ಡಮ್ಮ ನೋಡಲು ಬಂದರು. ಅವರ ಪಿತ್ತಕೋಶ ತೆಗೆದದ್ದು ಹಳೆಯ ಕ್ರಮದಲ್ಲಿ. ಪಕ್ಕೆಲುಬಿನ ಕೆಳಗೆ ಗೇಣುದ್ದದ ಕಲೆ. (ಮುಂಬೈಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಈ ತೂತಿನ ವಿಧಾನವನ್ನು ಭಾರತದಲ್ಲಿ ಆರಂಭಿಸಿದ್ದೇ 1990ರಲ್ಲಿ.) ನನ್ನ ನಾಲ್ಕು ಪಟ್ಟಿ ನೋಡಿ "ಇಷ್ಟೆಯಾ ಮಗಾ?" ಎಂದರು. ಮಣಿಪಾಲದ ರೂಮ್‌ಮೇಟ್ ಫೋನಿನಲ್ಲಿ, "ಸೋಮವಾರ ಬರ್ತೀಯಲ್ಲ?" ಎಂದಿದ್ದಳು.

ಒಳಗೆ ಕತ್ತರಿಸಿದ್ದು ಮಾತ್ರ ನನ್ನದೂ ದೊಡ್ಡಮ್ಮನದೂ ಒಂದೇ. ಅದೇ ನಾಳ, ಅದೇ ರಕ್ತನಾಳ, ಇಡೀ ಅಂಗ. ತೂತಿನಿಂದ ಆಗದಿದ್ದರೆ ಹೊಟ್ಟೆ ತೆರೆಯಬೇಕಾದೀತು ಎಂಬ ಕಾಗದಕ್ಕೆ ನಾನು ಸಹಿಯನ್ನೂ ಹಾಕಿದ್ದೆ. ಗೇಣುದ್ದದ ಕಲೆ ಇದ್ದವರಿಗೆ ತಿಂಗಳ ರಜೆ ಯಾರೂ ಕೇಳದೆ ಸಿಗುತ್ತದೆ. ನಾನು ವಾದ ಮಾಡಬೇಕು.

ಭುಜದ ವಿಷಯ ಹೇಳಿದೆ. "ನನಗೆ ಭುಜ ನೋಯಲೇ ಇಲ್ಲ ಮಾರಾಯ್ತಿ" ಎಂದು ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಲೆದಿಂಬು ಎತ್ತಿ ನನ್ನ ಹೊಟ್ಟೆಗೆ ಒತ್ತಿದರು: "ಕೆಮ್ಮುವಾಗ ಹೀಗೆ ಹಿಡ್ಕೊ."