ತೆಸ್ತಾಚ್ಚೊ ಕೇರಿಯ ಊಟದ ಮನೆ

ರೋಮ್ ನಗರವನ್ನು ನೋಡಲು ಹೋದವರು ಕಲ್ಲಿನಿಂದ ಕಲ್ಲಿಗೆ ಅಲೆದು, ಮಧ್ಯಾಹ್ನದ ಹೊತ್ತಿಗೆ ಕೊಲೋಸಿಯಮ್ಮಿನ ಎದುರು ಹಸಿದು ನಿಲ್ಲುವುದು ವಾಡಿಕೆ. ಅಲ್ಲಿ ಹೋಟೆಲುಗಳಿಗೆ ಬರವಿಲ್ಲ. ಬಾಗಿಲಲ್ಲೇ ನಿಂತು ಕೈಹಿಡಿದು ಕರೆಯುವವರಿದ್ದಾರೆ. ಐದಾರು ಭಾಷೆಗಳಲ್ಲಿ ಅಚ್ಚಾದ ತಿಂಡಿಪಟ್ಟಿಗಳಿವೆ. ಯಾವ ಭಾಷೆಯೂ ಬಾರದವರಿಗೆಂದು ಬಣ್ಣದ ಚಿತ್ರಗಳೂ ಇವೆ. ಇಷ್ಟೆಲ್ಲ ಆದರವಿರುವ ಕಡೆ ರೋಮಿನ ಗೃಹಸ್ಥನೊಬ್ಬನೂ ಕುಳಿತು ಉಣ್ಣುತ್ತಿರುವುದು ಕಾಣದು. ಅವನು ಉಣ್ಣುವ ಸ್ಥಳ ಬೇರೆ. ಅದನ್ನು ಹುಡುಕಬೇಕಾದರೆ ಅಲ್ಲಿಂದಲೇ ನೆಲದಡಿಯ ರೈಲು ಹತ್ತಿ, ಎರಡನೆಯ ನಿಲ್ದಾಣವಾದ ‘ಪಿರಾಮಿದೆ’ಯಲ್ಲಿ ಇಳಿಯಬೇಕು. ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ಕೆಸ್ತಿಯಸ್ ಎಂಬ ರೋಮನ್ ಅಧಿಕಾರಿಗಾಗಿ ಕಟ್ಟಿದ ಪಿರಮಿಡ್ಡಿನಾಕಾರದ ಗೋರಿ ಅಲ್ಲಿದೆ. ಅದರ ನೆರಳಿನಲ್ಲೇ ಆಂಗ್ಲ ಕವಿಗಳಾದ ಕೀಟ್ಸ್, ಶೆಲ್ಲಿಯರು ಮಲಗಿರುವ ಶ್ಮಶಾನವೂ ಇದೆ. ಇವೆರಡನ್ನು ದಾಟಿದರೆ ತೆಸ್ತಾಚ್ಚೊ ಎಂಬ ಕೇರಿ.

ಈ ಕೇರಿಗೆ ಹೆಸರು ಬಂದದ್ದು ಒಂದು ಬೆಟ್ಟದಿಂದ. ಬೆಟ್ಟಕ್ಕೆ ಹೆಸರು ಬಂದದ್ದು ಮಡಕೆಯ ಚೂರಿನಿಂದ. ಸುಮಾರು 35 ಮೀಟರು ಎತ್ತರದ ಆ ಗುಡ್ಡದಲ್ಲಿ ಬಂಡೆಯೆಂಬುದೇ ಇಲ್ಲ. ಅಷ್ಟೂ ಒಡೆದ ಮಡಕೆಗಳ ರಾಶಿ. ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಸ್ಪೇನಿನಿಂದಲೂ ಉತ್ತರ ಆಫ್ರಿಕದಿಂದಲೂ ಹಡಗಿನಲ್ಲಿ ಬಂದ ಆಲಿವ್ ಎಣ್ಣೆಯ ಕೊಡಗಳನ್ನು, ಎಣ್ಣೆ ಬರಿದುಮಾಡಿದ ಮೇಲೆ ಒಡೆದು, ಸಾಲಾಗಿ ಪೇರಿಸಿ, ನಾರದಂತೆ ಸುಣ್ಣ ಚೆಲ್ಲಿದರು. ಒಂದು ಮಹಾನಗರದ ಅಡುಗೆಮನೆಯ ಕಸವೇ ಇತಿಹಾಸವಾಗಿ ನಿಂತಿತು! ಚೂರುಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಗುಡ್ಡದ ಒಳಗು ಬೇಸಗೆಯಲ್ಲೂ ತಂಪು. ಹಿಂದಿನವರು ಬುಡದಲ್ಲಿ ಗುಹೆಗಳನ್ನು ಕೊರೆದು ದ್ರಾಕ್ಷಾರಸದ ಪೀಪಾಯಿಗಳನ್ನಿಟ್ಟರು. ಪೀಪಾಯಿ ಇದ್ದ ಕಡೆ ಕುಡಿಯುವವರು ಬಂದರು, ಕುಡಿಯುವವರಿಗೆ ತಿನ್ನಲೂ ಏನಾದರೂ ಬೇಕಾಯಿತು. ರೋಮಿನ ಅನೇಕ ಊಟದ ಮನೆಗಳ ವಂಶವೃಕ್ಷ ಹೀಗೆ ಹೆಂಡದಂಗಡಿಯಿಂದ ಮೊದಲಾಗುತ್ತದೆ ಎಂಬುದನ್ನು ಮರೆಮಾಚುವಂತಿಲ್ಲ.

ಊರಿನ ಕಸಾಯಿಖಾನೆಯೂ ಇಲ್ಲಿಯೇ ಇತ್ತು. 19ನೆಯ ಶತಮಾನದ ಕೊನೆಯಲ್ಲಿ, ರೋಮ್ ಏಕೀಕೃತ ಇಟಲಿಯ ರಾಜಧಾನಿಯಾದ ಬಳಿಕ, ಅದನ್ನೂ ಅದರ ಕೂಲಿಗಾರರಿಗೆಂದು ಉದ್ದುದ್ದ ವಠಾರಗಳನ್ನೂ ಕಟ್ಟಿದರು. ಪ್ರಾಣಿಯ ಒಳ್ಳೆಯ ಮಾಂಸವೆಲ್ಲ ಹಣವಂತರ ಮನೆಗೆ, ಮಠಗಳಿಗೆ, ಸೈನ್ಯಕ್ಕೆ ಹೋಗುತ್ತಿತ್ತು. ಕೂಲಿಯ ಒಂದು ಭಾಗವಾಗಿ ಕೆಲಸಗಾರನಿಗೆ ದಕ್ಕುತ್ತಿದ್ದುದು ಬಾಲ, ಕರುಳು, ನಾಲಗೆ ಮುಂತಾದ ಮಿಕ್ಕ ಅಂಶ. ನಾಲ್ಕು ಕಾಲುಭಾಗಗಳನ್ನು ಹಂಚಿದ ಮೇಲೆ ಉಳಿದದ್ದಾದುದರಿಂದ ಅದಕ್ಕೆ ‘ಐದನೆಯ ಕಾಲು’ ಎಂದೇ ಹೆಸರು. ಕಾಲು ಎಂಬುದು ನಾಲ್ಕಕ್ಕೆ ಮುಗಿಯಬೇಕಾದ ಲೆಕ್ಕ. ಐದನೆಯದು ಬಡವನ ಲೆಕ್ಕ. ಆ ಮಿಕ್ಕದ್ದನ್ನು ಕೂಲಿಗಾರರ ಹೆಂಡಂದಿರು ಗಂಟೆಗಟ್ಟಲೆ ಬೇಯಿಸಿ ರುಚಿಗೊಳಿಸಿದರು. ಇಂದು ದೇಶವಿದೇಶದ ಭೋಜನರಸಿಕರು ವಿಮಾನವೇರಿ ಬಂದು ತಿನ್ನುವುದು ಅದನ್ನೇ. ಕಸಾಯಿಖಾನೆ 1975ರಲ್ಲಿ ಮುಚ್ಚಿತು. ಅದರ ಕಟ್ಟಡಗಳಲ್ಲಿ ಈಗ ಚಿತ್ರಪ್ರದರ್ಶನಗಳು ನಡೆಯುತ್ತವೆ.

ಇಂಥ ಕೇರಿಯ ಊಟದ ಮನೆಗೆ ‘ತ್ರತ್ತೊರಿಯಾ’ ಎನ್ನುತ್ತಾರೆ. ನಮ್ಮ ‘ಖಾನಾವಳಿ’ ಎಂಬ ಮಾತು ಅದಕ್ಕೆ ಬಹಳ ಸಮೀಪದ್ದು. ‘ರಿಸ್ತೊರಾಂತೆ’ ಎಂಬುದು ಬೇರೆ ಜಾತಿ. ಅಲ್ಲಿ ಬಿಳಿಯ ಕೈಚೀಲದ ಮಾಣಿಗಳೂ ಮುಂಗಡ ಗಾಂಭೀರ್ಯವೂ ಇರುತ್ತವೆ. ತ್ರತ್ತೊರಿಯಾದ ಬಾಗಿಲು ಪಕ್ಕದ ಚಮ್ಮಾರನ ಅಂಗಡಿಯ ಬಾಗಿಲಿಗಿಂತ ದೊಡ್ಡದಲ್ಲ. ಒಳಗೆ ಹತ್ತು ಹನ್ನೆರಡು ಮೇಜು. ಒಂದರ ಕುರ್ಚಿ ಸರಿಸಿದರೆ ಇನ್ನೊಂದರ ಕುರ್ಚಿಗೆ ತಗಲುವಷ್ಟು ಒತ್ತು. ಮೇಜಿನ ಮೇಲೆ ಹಾಸಿದ್ದು ಕಾಗದ. ಗೋಡೆಯ ಮೇಲೆ ಕಾಲ್ಚೆಂಡಿನ ತಂಡದ ಪಟ, ತೀರಿಕೊಂಡ ಹಿರಿಯರ ಪಟ, ಅವುಗಳ ನಡುವೆ ಕ್ಯಾಲೆಂಡರು. ಗಲ್ಲಾದಲ್ಲಿ ಮನೆಯ ಯಜಮಾನ. ಒಲೆಯ ಮುಂದೆ ಅವನ ಹೆಂಡತಿಯೋ ತಾಯಿಯೋ. ಬಡಿಸುವವನು ಮಗ ಅಥವಾ ಅಳಿಯ. ಒಂಟಿಯಾಗಿ ಬಂದ ಮುದುಕರಿಗೆ ಅವರವರ ಮೇಜು ಗೊತ್ತುಂಟು. ಅವರು ಪಟ್ಟಿಯನ್ನು ಕೇಳುವುದಿಲ್ಲ. ಹೊಸಬರು ಕೇಳಿದರೂ ಅನೇಕ ಕಡೆ ಬಾಯಲ್ಲೇ ಹೇಳಿಬಿಡುತ್ತಾರೆ.

ಬಾಯಲ್ಲಿ ಹೇಳುವುದಕ್ಕೆ ಕಾರಣವಿದೆ: ಇಲ್ಲಿಯ ಅಡುಗೆ ವಾರವನ್ನನುಸರಿಸಿ ನಡೆಯುತ್ತದೆ. ಗುರುವಾರ ಆಲೂಗಡ್ಡೆ ಹಿಟ್ಟಿನ ಕಡುಬುಗಳಂಥ ‘ಞೊಕ್ಕಿ’, ಶುಕ್ರವಾರ ಮೀನು, ಶನಿವಾರ ಕರುಳಿನ ಅಡುಗೆ. ಶುಕ್ರವಾರ ಕ್ರೈಸ್ತರಿಗೆ ಮಾಂಸ ವರ್ಜ್ಯವಾದ ಒಪ್ಪೊತ್ತಿನ ದಿನವಾದ್ದರಿಂದ ಅದರ ಹಿಂದಿನ ದಿನ ಹೊಟ್ಟೆ ತುಂಬ ತಿಂದುಕೊಳ್ಳಬೇಕು ಎಂಬುದೇ ಗುರುವಾರದ ಕಡುಬಿನ ಶಾಸ್ತ್ರ. ಏಕಾದಶಿಯ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ನಡೆಯುತ್ತಿದ್ದ ಸಿದ್ಧತೆಗಳನ್ನು ಬಲ್ಲವರಿಗೆ ಇದರಲ್ಲಿ ವಿವರಿಸಬೇಕಾದ್ದೇನೂ ಇಲ್ಲ.

ಆದರೆ ವಾರದ ಎಲ್ಲ ದಿನವೂ ದೊರೆಯುವ, ರೋಮಿನ ನಿಜವಾದ ಹೆಮ್ಮೆಯೆನ್ನಬೇಕಾದ ಪದಾರ್ಥ ‘ಕಾಚೊ ಎ ಪೇಪೆ’. ಅರ್ಥ ಇಷ್ಟೇ: ಚೀಸು ಮತ್ತು ಮೆಣಸು. ದಪ್ಪ ಶ್ಯಾವಿಗೆಯಂಥ ಪಾಸ್ತಾ, ತುರಿದ ಕುರಿಹಾಲಿನ ಚೀಸು, ಕುಟ್ಟಿದ ಕರಿಮೆಣಸು, ಪಾಸ್ತಾ ಬೆಂದ ನೀರು, ಐದನೆಯ ವಸ್ತುವಿಲ್ಲ. ಬೆಣ್ಣೆ ಹಾಕಿದರೆ ಮುದುಕರು ಮುಖ ಸಿಂಡರಿಸುತ್ತಾರೆ. ಕೆಡಿಸುವುದು ಬಲು ಸುಲಭವಾದ ಅಡುಗೆ ಇದು. ಶಾಖ ಒಂದಿಷ್ಟು ಹೆಚ್ಚಿದರೆ ಚೀಸು ಕರಗಿ ಹಾಲಿನಂತೆ ಹೊಂದುವ ಬದಲು ಉಂಡೆಗಟ್ಟಿ ರಬ್ಬರಾಗುತ್ತದೆ. ಇಟಲಿಯ ಭೌತವಿಜ್ಞಾನಿಗಳು ಈ ಉಂಡೆಯ ರಹಸ್ಯವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಚೀಸಿನ ತೂಕದ ನೂರಕ್ಕೆ 2ರಿಂದ 3 ಪಾಲು ಪಿಷ್ಟವಿದ್ದರೆ ಗಸಿ ಒಡೆಯದೆಂದು 2025ರಲ್ಲಿ ಪ್ರಕಟಿಸಿದರು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಮೀಸಲಾದ ಇಗ್‌ನೊಬೆಲ್ ಬಹುಮಾನವನ್ನೂ ಅದೇ ವರ್ಷ ಪಡೆದರು. ತ್ರತ್ತೊರಿಯಾದ ಅಡುಗೆಯಾಕೆಗೆ ಪಿಷ್ಟದ ಅಳತೆ ಗೊತ್ತಿಲ್ಲ. ಬೆಳಗಿನಿಂದ ಪಾಸ್ತಾ ಬೆಂದೂ ಬೆಂದೂ ಗಂಜಿಯಂತಾದ ನೀರಿನಲ್ಲಿ ಎಷ್ಟು ಸೌಟು ಬೇಕೆಂಬುದು ಅವಳ ಕೈಗೆ ಗೊತ್ತು.

ತಟ್ಟೆಯ ಮೇಲೆ ಉದುರಿಸಿದ ಆ ಮೆಣಸಿನ ಕಾಳು ಕನ್ನಡಿಗನಿಗೆ ತುಸು ಆಪ್ತವಾಗಿ ಕಾಣಬೇಕು. ರೋಮಿನವರಿಗೆ ಮೆಣಸಿನ ರುಚಿ ಹತ್ತಿಸಿದ್ದು ಭಾರತದ ಪಶ್ಚಿಮ ಕರಾವಳಿ. ಒಂದನೆಯ ಶತಮಾನದಲ್ಲಿ ಪ್ಲಿನಿ ಎಂಬ ಪಂಡಿತ, ಖಾರವೊಂದನ್ನು ಬಿಟ್ಟರೆ ಬೇರಾವ ಗುಣವೂ ಇಲ್ಲದ ಈ ಕಾಳಿಗಾಗಿ ಜನ ಇಂಡಿಯದವರೆಗೂ ಹೋಗುತ್ತಾರಲ್ಲ ಎಂದು ಗೊಣಗಿ, ಕರಿಮೆಣಸಿನ ಬೆಲೆ ಒಂದು ಪೌಂಡಿಗೆ 4 ದೆನಾರಿಯಸ್ ಎಂದು ಬರೆದಿಟ್ಟ. ಅದೇ ಶತಮಾನದ ಕೊನೆಯಲ್ಲಿ ದೊಮಿಷಿಯನ್ ಚಕ್ರವರ್ತಿ ರೋಮಿನ ನಡುವೆಯೇ ಮೆಣಸಿನ ಉಗ್ರಾಣ ಕಟ್ಟಿಸಿದ. ಪಂಡಿತನ ಗೊಣಗಾಟಕ್ಕಿಂತ ನಾಲಗೆಯ ಮಾತು ದೊಡ್ಡದಾಯಿತು. ಮುಂದೆ ಇದೇ ರೋಮ್ ನಗರದಲ್ಲಿ ಹುಟ್ಟಿದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರೆಂಬುದನ್ನು ತನ್ನ ಪತ್ರಗಳಲ್ಲಿ ಬರೆದವನು ಅವನೇ. ಊರಿಗೆ ಹಿಂದಿರುಗಿ 1652ರಲ್ಲಿ ರೋಮಿನಲ್ಲೇ ಕಣ್ಣು ಮುಚ್ಚಿದ.

ಇಷ್ಟು ಓದಿ ನಮ್ಮ ಸಸ್ಯಾಹಾರಿ ಕುಟುಂಬಗಳು ಹಿಗ್ಗಿದರೆ ಒಂದು ಎಚ್ಚರಿಕೆ ಅವಶ್ಯ. ‘ಪೆಕೊರೀನೊ ರೊಮಾನೊ’ ಎಂಬ ಆ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಜಠರದಿಂದ ತೆಗೆದ ಹೆಪ್ಪಿನಿಂದ. ನೋಡುವುದಕ್ಕೆ ನಿರಾಮಿಷ, ವ್ರತನಿಷ್ಠರಿಗೆ ಸಲ್ಲದು. ಇದನ್ನು ಮಾಣಿ ತಾನಾಗಿ ಹೇಳುವುದಿಲ್ಲ, ಏಕೆಂದರೆ ಇದು ಹೇಳಬೇಕಾದ ಸಂಗತಿಯೆಂದೇ ಅವನಿಗೆ ಹೊಳೆಯದು. ‘ಪುಂತರೆಲ್ಲೆ’ ಎಂಬ ಹಸಿರು ಕೋಸಂಬರಿಯಲ್ಲಿ ಅರೆದ ಸಣ್ಣ ಮೀನು ಸೇರಿರುತ್ತದೆ. ನಿಶ್ಚಿಂತೆಯಿಂದ ಉಣ್ಣಬಹುದಾದ್ದು ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಂದಿಗೆ ಆಲಿವ್ ಎಣ್ಣೆಯಲ್ಲಿ ಬಾಡಿಸಿದ ‘ಚಿಕೋರಿಯ’ ಸೊಪ್ಪು. ಕಹಿ, ಖಾರ, ಎಣ್ಣೆ ಮೂರೂ ಹದವಾಗಿ ಕೂಡಿದ ಈ ಪಲ್ಯವನ್ನು ರೊಟ್ಟಿಯೊಡನೆ ತಿಂದವರು ಬೇರೇನನ್ನೂ ಬಯಸದಿರುವುದುಂಟು. ಇದರ ಬೇರಿನ ಜ್ಞಾತಿಯೇ ಬೆಂಗಳೂರು ಮೈಸೂರುಗಳ ಕಾಫಿಪುಡಿಗೆ ಬೆರೆಯುವ ಚಿಕೋರಿ ಎಂದರೆ ಅಲ್ಲಿಯವರೂ ನಂಬರು, ಇಲ್ಲಿಯವರೂ ನಂಬರು; ಗಿಡ ಮಾತ್ರ ಒಂದೇ.

ತಟ್ಟೆಯಲ್ಲುಳಿದ ಗಸಿಯನ್ನು ರೊಟ್ಟಿಯ ತುಂಡಿನಿಂದ ಒರೆಸಿ ತಿನ್ನುವುದು ಇಲ್ಲಿ ಅಸಭ್ಯವಲ್ಲ. ಅದಕ್ಕೆ ‘ಪುಟ್ಟ ಜೋಡು’ ಎಂಬ ಮುದ್ದಿನ ಹೆಸರೇ ಇದೆ. ಬಿಲ್ಲಿನ ವಿಚಾರದಲ್ಲಿ ಒಂದು ಮಾತು: ಇಟಲಿಯ ಅನೇಕ ಊರುಗಳಲ್ಲಿ ಮೇಜಿಗೆ ಕುಳಿತ ಮಾತ್ರಕ್ಕೆ ತಲೆಗಿಷ್ಟೆಂದು ‘ಕೊಪೆರ್ತೊ’ ಎಂಬ ಸುಂಕ ಹಾಕುತ್ತಾರೆ. ರೋಮ್ ಸೇರಿರುವ ಲಾತ್ಸಿಯೊ ಪ್ರಾಂತ 2006ರ ಶಾಸನದಿಂದ ಅದನ್ನು ನಿಷೇಧಿಸಿದೆ. ಅಂದಿನಿಂದ ಬಿಲ್ಲಿನಲ್ಲಿ ‘ರೊಟ್ಟಿ’ ಎಂಬ ಸಾಲು ಕಾಣಿಸಿಕೊಳ್ಳತೊಡಗಿತು. ಗಿರಾಕಿ ಮತ್ತು ಅಂಗಡಿಯವನ ನಡುವಿನ ಈ ಜಗ್ಗಾಟ ಹಳೆಯದೇ. 16ನೆಯ ಶತಮಾನದ ಕೊನೆಯಲ್ಲಿ ಪೋಪ್ ಐದನೆಯ ಸಿಕ್ಸ್ಟಸ್, ದ್ರಾಕ್ಷಾರಸದ ಅಳತೆಯಲ್ಲಿ ಮೋಸವಾಗದಿರಲೆಂದು ಅಪಾರದರ್ಶಕ ಪಾತ್ರೆಗಳನ್ನು ತಪ್ಪಿಸಿ ಗಾಜಿನ ಅಳತೆಗಳನ್ನು ರೂಢಿಗೆ ತರಿಸಿದನು.

2025ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸೇರಿದ ಯುನೆಸ್ಕೊ ಸಮಿತಿ ಇಟಲಿಯ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿಯೂ ಆ ಪಟ್ಟಿಯನ್ನು ಸೇರಿದ್ದು ಅದೇ ಸಭೆಯಲ್ಲಿ. ಗೌರವ ದೊಡ್ಡದು. ಆದರೆ ಪಟ್ಟಿಗೆ ಸೇರಿದ ಅಡುಗೆಯನ್ನು ದಿನವೂ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ಬೆಳಗಿನ ಮಾರುಕಟ್ಟೆಯಿಂದ ಹಿಡಿದು ನಡುರಾತ್ರಿಯ ಪಾತ್ರೆಯವರೆಗೆ ದುಡಿಯುವ ಬಾಳು ಕಲಿತ ಮಕ್ಕಳಿಗೆ ಬೇಡವಾಗಿದೆ. ಬೇಡವೆಂದರೆ ತಪ್ಪೆನ್ನುವುದೂ ಕಷ್ಟ. ಮೇಲಿನ ಮಹಡಿಗಳ ಮನೆಗಳು ಪ್ರವಾಸಿಗಳ ದಿನಬಾಡಿಗೆಯ ಕೋಣೆಗಳಾದಂತೆ, ಪಟ್ಟಿ ಕೇಳದೆ ಉಣ್ಣುತ್ತಿದ್ದ ನೆರೆಯವರೇ ಕೇರಿ ಬಿಡುತ್ತಾರೆ. ಅವರು ಹೋದ ಮೇಲೆ ಉಳಿಯುವುದು ಅದೇ ಬಾಗಿಲು, ಅದೇ ಹೆಸರು, ಚಿತ್ರಸಹಿತವಾದ ಹೊಸ ಪಟ್ಟಿ. ಬೇಸಗೆಯ ರಜೆಗೆಂದು ಆಗಸ್ಟಿನಲ್ಲಿ ಈ ಅಂಗಡಿಗಳೆಲ್ಲ ಕೈಬರಹದ ಚೀಟಿ ಅಂಟಿಸಿ ಬೀಗ ಹಾಕುವುದುಂಟು. ಸೆಪ್ಟೆಂಬರ್ ಕಳೆದರೂ ಒಂದೊಂದು ಬಾಗಿಲಿನ ಚೀಟಿ ಹಾಗೆಯೇ ಇರುತ್ತದೆ.

ಹೋಗುವವರು ಆ ತಿಂಗಳನ್ನು ತಪ್ಪಿಸಿ ಹೋಗುವುದು ಲೇಸು. ರಾತ್ರಿ ಎಂಟಕ್ಕೆ ಮುಂಚೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ತಮ್ಮ ಊಟ ಮುಗಿಸುತ್ತಿರುತ್ತಾರೆ.