ಸಾರಿಗೆ ಹರಿದು ಹಾಕುವ ಹಿಟ್ಟು

ತೆಂತುಕ್ ಮಾಡುವುದಕ್ಕೆ ಮಣೆ ಬೇಡ, ಲಟ್ಟಣಿಗೆ ಬೇಡ, ಶಾವಿಗೆ ಒರಳಂತೂ ಬೇಡವೇ ಬೇಡ. ನಾದಿಟ್ಟ ಮೈದಾ ಹಿಟ್ಟನ್ನು ಉದ್ದಕ್ಕೆ ಹೊಸೆದು, ಎಡ ಮುಂಗೈ ಮೇಲೆ ಇಳಿಬಿಟ್ಟುಕೊಂಡು, ತುದಿಯನ್ನು ಬೆರಳಲ್ಲಿ ಚಪ್ಪಟೆ ಒತ್ತಿ ಎಳೆದು, ಹೆಬ್ಬೆಟ್ಟಿನಗಲದ ಒಂದೊಂದೇ ಚೂರು ಹರಿದು ಕುದಿಯುವ ಸಾರಿಗೆ ಹಾಕುತ್ತಾ ಹೋಗುವುದು. ಅದೇ ಶಾವಿಗೆ. ಸಾರಿನಲ್ಲಿ ಎಮ್ಮೆ ಮಾಂಸದ ತೆಳು ಹೋಳು, ಮೂಲಂಗಿ, ಟೊಮೆಟೊ, ಕೊನೆಗೊಂದು ಹಿಡಿ ಪಾಲಕ್ ಸೊಪ್ಪು. ಬೈಲಕುಪ್ಪೆಯ ಟಿಬೆಟನ್ ಮನೆಗಳ ಈ ಅಡುಗೆ ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ವಾರದ ನಡುವಿನ ರಾತ್ರಿಯೂಟ. ಒಲೆ ಹಚ್ಚಿದ ಮುಕ್ಕಾಲು ಗಂಟೆಗೆ ಬಟ್ಟಲು ಕೈಯಲ್ಲಿರುತ್ತದೆ.

ಬನಶಂಕರಿಯಲ್ಲಿ ಮೆಟ್ರೊ ಇಳಿದು, ಕದಿರೇನಹಳ್ಳಿ ದಾಟಿ, ಉತ್ತರಹಳ್ಳಿ ಮುಖ್ಯರಸ್ತೆಯ ಸಂಜೆಯ ನೂಕುನುಗ್ಗಲಿನಲ್ಲಿ ಮನೆ ಸೇರುವವರಿಗೆ ಆಮೇಲೆ ಮಸಾಲೆ ರುಬ್ಬುವ ತ್ರಾಣ ಉಳಿದಿರುವುದಿಲ್ಲ. ಹಾಗಂತ ಹೋಟೆಲಿನ ಪೊಟ್ಟಣ ಬಿಚ್ಚಿ ಉಣ್ಣುವುದು ನನ್ನ ಮನಸ್ಸಿಗೆ ಒಗ್ಗದು. ದಣಿದ ಮೈಗೆ ಬೇಕಾದದ್ದು ಬಿಸಿಯಾದ, ತೆಳ್ಳಗಿನ, ಖಾರ ಮಿತವಾದ, ಹೊಟ್ಟೆ ತುಂಬುವ ಒಂದೇ ಒಂದು ಪಾತ್ರೆಯ ಊಟ. ದಾರಿಯಲ್ಲಿ ಯಾರಬ್ ನಗರದ ಕಡೆಗೊಂದು ಸುತ್ತು ಹಾಕಿದರೆ ಮಾಂಸ ಸಿಗುತ್ತದೆ, ನಮ್ಮ ರಸ್ತೆ ತಿರುವಿನ ತಳ್ಳುಗಾಡಿಯಲ್ಲಿ ಮೂಲಂಗಿ, ಸೊಪ್ಪು. ಹಿಟ್ಟು ಹೇಗೂ ಮನೆಯಲ್ಲಿರುತ್ತದೆ.

ಶಾವಿಗೆ ಎಂದರೆ ನಮ್ಮ ಹಳೇ ಮೈಸೂರಿನವರ ಕಣ್ಣ ಮುಂದೆ ಬರುವುದು ಒತ್ತು ಶಾವಿಗೆ. ಅಕ್ಕಿ ಹಿಟ್ಟನ್ನು ಕಾಯಿಸಿ ಮುದ್ದೆ ಕಟ್ಟಿ, ಆ ಮುದ್ದೆಗಳನ್ನು ಬೇಯಿಸಿ, ಬಿಸಿ ಆರುವ ಮೊದಲು ಒರಳಿಗೆ ತುಂಬಿ ಒತ್ತಬೇಕು. ಒರಳು ಹಿಡಿಯಲು ಒಬ್ಬರು, ಒತ್ತಲು ಒಬ್ಬರು, ಕೆಳಗೆ ಬೀಳುವ ಎಳೆಗೆ ತಟ್ಟೆ ತಿರುಗಿಸಲು ಒಂದು ಮಗು. ಕಾಯಿಹಾಲಿನ ಜೊತೆಗೋ ಕೋಳಿ ಸಾರಿನ ಜೊತೆಗೋ ಅದನ್ನು ತಿಂದವರಿಗೆ ಬೇರೆ ಶಾವಿಗೆ ಸಪ್ಪೆಯೇ. ಕೊಡಗಿನ ನೂಪುಟ್ಟು ಕೂಡ ಇದೇ ಬಳಗದ್ದು. ಇವೆಲ್ಲ ನೆಂಟರು ಬಂದ ಭಾನುವಾರದ ಅಡುಗೆಗಳು, ಬುಧವಾರ ರಾತ್ರಿ ಎಂಟಕ್ಕೆ ಆಗುವಂಥವಲ್ಲ. ಉತ್ತರ ಕರ್ನಾಟಕದ ಹೆಂಗಸರು ಈ ವಿಷಯದಲ್ಲಿ ಜಾಣರು. ಗೋಧಿ ಹಿಟ್ಟು ಲಟ್ಟಿಸಿ, ಕತ್ತರಿಸಿ, ನೇರವಾಗಿ ಕುದಿಯುವ ಬೇಳೆಗೆ ಇಳಿಬಿಟ್ಟು ಚಕೋಲಿ ಮಾಡುತ್ತಾರೆ. ಹಿಟ್ಟು ಬೇಯುವುದು ಸಾರಿನಲ್ಲೇ, ಸಾರು ಗಟ್ಟಿಯಾಗುವುದು ಆ ಹಿಟ್ಟಿನಿಂದಲೇ. ತೆಂತುಕ್ ಹಿಡಿದಿರುವುದೂ ಇದೇ ದಾರಿಯನ್ನು. ಅದರಲ್ಲಿ ಲಟ್ಟಿಸುವ, ಕತ್ತರಿಸುವ ಕೆಲಸವೂ ಇಲ್ಲ.

ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. ನಮ್ಮ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರು ಬಂದು ನೆಲೆಸತೊಡಗಿದ್ದು 1960ರ ಸುಮಾರಿಗೆ. ಮೈಸೂರು ಸರ್ಕಾರ ಗುತ್ತಿಗೆಗೆ ಕೊಟ್ಟ ಕಾಡುನೆಲದಲ್ಲಿ ಮೊದಲು ಎದ್ದದ್ದು ಲುಗ್‌ಸುಂಗ್ ಸಂಡುಪ್ಲಿಂಗ್ ಎಂಬ ವಸತಿ, 1969ರಲ್ಲಿ ಅದರ ಪಕ್ಕಕ್ಕೆ ಡಿಕ್ಯಿ ಲಾರ್ಸೋ. ಹೀಗೆಯೇ ಮುಂಡಗೋಡಿನಲ್ಲಿ, ಹುಣಸೂರಿನ ಗುರುಪುರದಲ್ಲಿ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಇನ್ನಷ್ಟು. ಹಿಮದ ನಾಡಿನಿಂದ ಬಂದವರು ಮಲೆನಾಡಿನ ಸೆರಗಿನ ಮಳೆಗೆ ಮೈಯೊಡ್ಡಿ, ಕಾಡು ಕಡಿದು, ಮುಸುಕಿನ ಜೋಳ ಬಿತ್ತಿದರು. ಚಳಿಗಾಲ ಬಂತೆಂದರೆ ಸ್ವೆಟರ್ ಗಂಟು ಕಟ್ಟಿಕೊಂಡು ಬೆಂಗಳೂರಿಗೂ ದೂರದ ಊರುಗಳಿಗೂ ಮಾರಲು ಹೊರಟರು. ಅವರ ಬಗ್ಗೆ ಬರೆಯುವವರು ಮಠಗಳ ಚಿನ್ನದ ಬುದ್ಧನನ್ನು ಬರೆಯುತ್ತಾರೆ. ನಾನು ಚಿಕ್ಕವಳಾಗಿ ಕಂಡದ್ದು ಅಡುಗೆಮನೆಗಳನ್ನು.

ನನ್ನ ಸಹಪಾಠಿಯೊಬ್ಬಳ ತಾಯಿಯನ್ನು ನಾವೆಲ್ಲ ಅಮಾಲಾ ಎಂದೇ ಕರೆಯುತ್ತಿದ್ದೆವು. ಆಕೆ ಹಿಟ್ಟು ಹರಿಯುತ್ತಿದ್ದುದನ್ನು ನೋಡಿಯೇ ನಾನು ಕಲಿತದ್ದು. ಕಣ್ಣು ನಮ್ಮ ಮೇಲೆ, ಮಾತು ನಮ್ಮ ಜೊತೆ, ಕೈ ಮಾತ್ರ ತನ್ನ ಪಾಡಿಗೆ ತಾನು ಪಾತ್ರೆಗೆ ಚೂರು ಹಾರಿಸುತ್ತಲೇ ಇರುತ್ತಿತ್ತು. ಒಂದು ಚೂರೂ ಅಂಚಿಗೆ ತಾಗುತ್ತಿರಲಿಲ್ಲ. ತೆಂತುಕ್ ಟಿಬೆಟಿನ ಆಮ್ಡೊ ಸೀಮೆಯದು ಎನ್ನುತ್ತಾರೆ. ಅಲ್ಲಿ ಅದಕ್ಕೆ ಯಾಕ್ ಮಾಂಸ, ಇಲ್ಲಿ ಎಮ್ಮೆಯದು.

ಅವರ ಮನೆಯ ಒಂದು ವಸ್ತು ನನಗೆ ಹೊಸದೆನಿಸಿರಲಿಲ್ಲ. ಹುರಿಗೆ ಪೋಣಿಸಿ ಗಾಳಿಗೆ ತೂಗುಬಿಟ್ಟ ಮಾಂಸದ ಉದ್ದುದ್ದ ಪಟ್ಟಿಗಳು. ಶಾ ಕಂಪೊ ಎಂದು ಅವರು ಕರೆಯುವ ಅದು ನಮ್ಮ ಕೇರಿಯ ಕೊರಬಾಡು. ನಮ್ಮಜ್ಜಿ ಉಪ್ಪು ಅರಿಶಿನ ಸವರಿ ಒಲೆಯ ಮೇಲ್ಗಡೆ ದಾರಕ್ಕೆ ನೇತುಹಾಕುತ್ತಿದ್ದಳು. ಅವರು ಒಣ ಚಳಿಯಲ್ಲಿ ಒಣಗಿಸಿದರೆ ನಾವು ಬಿಸಿಲು ಹೊಗೆಯಲ್ಲಿ. ಬಾಡು ಬೇಕೆಂದಾಗಲೆಲ್ಲ ಸಿಗದ ಮನೆಗಳಲ್ಲಿ ಒಂದು ದಿನದ ಮಾಂಸವನ್ನು ತಿಂಗಳುಗಟ್ಟಲೆ ಕಾಯ್ದಿಡುವ ಈ ವಿದ್ಯೆಯನ್ನು ಹಿಮಾಲಯದ ಆಚೆಗಿನವರೂ ಹೊಲಗೇರಿಯವರೂ ತಂತಮ್ಮ ಪಾಡಿಗೆ ಕಂಡುಕೊಂಡಿದ್ದರು. ಅಮಾಲಾ ನಮ್ಮಮ್ಮನಿಗೆ ಒಂದು ತುಂಡು ಕಳಿಸಿದಾಗ ಅಮ್ಮ ಮೂಸಿ ನೋಡಿ, ಏನೂ ಕೇಳದೆ, ಹುರುಳಿಕಾಳಿನ ಸಾರಿಗೆ ಹಾಕಿದಳು.

ದೊಡ್ಡ ಪ್ರಾಣಿಯ ಮಾಂಸಕ್ಕೆ ಟಿಬೆಟನ್ನರು ಕೊಡುವ ಕಾರಣವನ್ನು ನಾನು ಆಗಾಗ ನೆನೆಯುತ್ತೇನೆ. ಕೊಲ್ಲುವುದು ಪಾಪ. ಆದರೆ ಒಂದು ಯಾಕ್ ಅಥವಾ ಎಮ್ಮೆಯ ಒಂದು ಜೀವ ಎಷ್ಟೋ ಮಂದಿಯ ಹೊಟ್ಟೆ ತುಂಬಿಸುತ್ತದೆ, ಅಷ್ಟೇ ಜನಕ್ಕೆ ಕೋಳಿ ಮೀನು ಬಡಿಸಲು ಹೊರಟರೆ ಎಷ್ಟು ಜೀವ ಹೋಗಬೇಕು? ಈಗ ಅವರ ಹಲವು ಮಠಗಳ ಅಡುಗೆಮನೆಗಳು ಮಾಂಸವನ್ನೇ ಬಿಟ್ಟಿವೆ, ಅದೂ ಈ ಯೋಚನೆಯ ಮುಂದಿನ ಹೆಜ್ಜೆಯೇ. ತಿನ್ನುವಾಗ ಇಷ್ಟು ಲೆಕ್ಕ ಹಾಕಿದವರ ಬಗ್ಗೆ ನನಗೆ ಗೌರವವಿದೆ.

ಇನ್ನು ಮಾಂಸದ ಮಾತು. ಈ ಅಡುಗೆಯ ಕಷ್ಟವೂ ಸೊಗಸೂ ಇರುವುದು ಅಲ್ಲಿಯೇ. ಕರ್ನಾಟಕದ 1964ರ ಗೋಹತ್ಯೆ ತಡೆ ಕಾಯ್ದೆ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತು ಹೋರಿಗಳನ್ನೂ ನಿಷೇಧದೊಳಗೆ ತಂದು, 13 ವರ್ಷ ಮೀರಿದ ಎಮ್ಮೆ ಕೋಣಗಳಿಗಷ್ಟೇ ಅವಕಾಶ ಉಳಿಸಿತು. ನಮ್ಮಮ್ಮನಂಥವರ ಒಲೆಗೆ ಅಗ್ಗವಾಗಿ ದಕ್ಕುತ್ತಿದ್ದ ಬಾಡನ್ನು ದೂರ ಮಾಡಿದ ಈ ಕಾಯ್ದೆ ನನಗೆ ಒಪ್ಪಿಗೆಯಿಲ್ಲ. ಈಗ ಕಾನೂನಿನ ಪ್ರಕಾರ ಬೆಂಗಳೂರಿನ ಅಂಗಡಿಯಲ್ಲಿ ಸಿಗುವುದು ವಯಸ್ಸಾದ ಎಮ್ಮೆಯ ಮಾಂಸ, ಅದನ್ನು ಬೇಯಿಸಲು ಅದರದೇ ವಿದ್ಯೆ ಬೇಕು.

ಪ್ರಾಣಿಗೆ ವಯಸ್ಸಾದಂತೆ ಮಾಂಸದ ಎಳೆಗಳನ್ನು ಹಿಡಿದಿಡುವ ಕಾಲಜನ್ ಬಿಗಿಯುತ್ತಾ ಹೋಗುತ್ತದೆ. ಅದನ್ನು ಮಣಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಹೊತ್ತುಗಟ್ಟಲೆ ಬೇಯಿಸುವುದು: ಆಗ ಆ ಬಿಗಿಯೇ ಕರಗಿ ಸಾರಿಗೆ ಅಂಟಂಟಾದ ಮೈ ಕೊಡುತ್ತದೆ. ಅಮ್ಮ ಮುದ್ದೆಗೆ ಮಾಡುವ ಬಾಡಿನ ಸಾರು ಈ ದಾರಿಯದು. ಇನ್ನೊಂದು, ಬೆಂಕಿಯ ಕೆಲಸವನ್ನು ಚಾಕುವಿಗೆ ಒಪ್ಪಿಸುವುದು. ಎಳೆ ಹೋದ ದಿಕ್ಕನ್ನು ನೋಡಿಕೊಂಡು ಅದಕ್ಕೆ ಅಡ್ಡಲಾಗಿ, ಬೆಳಕಿಗೆ ಹಿಡಿದರೆ ಕೆಂಪು ಹಾಯುವಷ್ಟು ತೆಳ್ಳಗೆ ಕೊಯ್ದರೆ, ಪ್ರತಿ ಹೋಳಿನಲ್ಲೂ ಎಳೆ ಮೋಟಾಗುತ್ತದೆ. ಹಲ್ಲಿಗೆ ಉಳಿಯುವ ಕೆಲಸ ಕಡಿಮೆ, ಒಲೆಗೂ ಅಷ್ಟೇ. ಬೇಗನೆ ಆಗುವ ಊಟದ ಗುಟ್ಟು ಇದೊಂದೇ. ಕಟುಕರ ಅಂಗಡಿಯಲ್ಲಿ ಅಂಡರ್‌ಕಟ್ ಎಂದು ಕೇಳಿದರೆ ಬೆನ್ನಿನ ಒಳಗಡೆಯ ಮೆತ್ತನೆಯ ತುಂಡು ಕೊಡುತ್ತಾರೆ. ಅದಿಲ್ಲದ ದಿನ ತೊಡೆಯ ಮಾಂಸ, ನೆಣ ನರ ಬಿಡಿಸಿದ್ದು. ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ಸ್ವಲ್ಪ ಬಿಗಿಯಾದ ಮೇಲೆ ಕೊಯ್ದರೆ ಚಾಕು ಜಾರದೆ ಹಾಯುತ್ತದೆ. ತೊಡೆಯದಾದರೆ ಸಿಪ್ಪೆಯ ಸಮೇತ ತುರಿದ ಹಸಿ ಪರಂಗಿಕಾಯಿ ಒಂದು ಚಮಚ ಸವರಿಡುತ್ತೇನೆ. ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈ ಹಿಟ್ಟಾಗಿಬಿಡುತ್ತದೆ, ಹಾಗಾಗಿ ಹಿಟ್ಟು ನಾದಿ ನೆನೆಯುವಷ್ಟು ಹೊತ್ತು ಮಾತ್ರ.

ನಾಲ್ಕು ಜನಕ್ಕೆ ಮಾಂಸ 300 ಗ್ರಾಂ ಸಾಕು. ಮೈದಾ ಕಾಲು ಕೆ.ಜಿ., ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ, ಹಿಟ್ಟು ಕೇಳಿದಷ್ಟು ನೀರು. ಚಪಾತಿ ಹಿಟ್ಟಿಗಿಂತ ಕೊಂಚ ಸಡಿಲವಾಗಿರಬೇಕು. ನಾದಿ ಎಣ್ಣೆ ಸವರಿ ಮುಚ್ಚಿಟ್ಟು ಇಪ್ಪತ್ತು ನಿಮಿಷ ಮುಟ್ಟಬಾರದು. ನಾದಿದ ಕೂಡಲೇ ಎಳೆದರೆ ಹಿಟ್ಟು ಹಿಂದಕ್ಕೆ ಜಗ್ಗುತ್ತದೆ, ನೆನೆದ ಮೇಲೆ ಅದರ ಜಿಗುಟಿನ ಬಿಗಿ ಸಡಲಿ ಎಷ್ಟು ಎಳೆದರೂ ಬರುತ್ತದೆ. ಅರ್ಧ ಗೋಧಿ ಹಿಟ್ಟು ಬೆರೆಸುವುದೂ ಉಂಟು. ರುಚಿಗೆ ನನಗೆ ಅದೇ ಇಷ್ಟ, ಎಳೆತಕ್ಕೆ ಮೈದಾ.

ಅಗಲ ಬಾಯಿಯ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಮಾಂಸ. ಉರಿ ಜೋರಾಗಿರಬೇಕು, ಪಾತ್ರೆ ಒತ್ತೊತ್ತಾಗಿ ತುಂಬಬಾರದು, ಇಲ್ಲವಾದರೆ ಮಾಂಸ ನೀರು ಬಿಟ್ಟುಕೊಂಡು ಬಣ್ಣ ಹತ್ತದೆ ಬೆಂದುಬಿಡುತ್ತದೆ. ಅಂಚು ಕಂದು ತಿರುಗಿದ ಗಳಿಗೆಗೆ ಟೊಮೆಟೊ. ಅದು ಕರಗಿದ ಮೇಲೆ ಒಂದೂವರೆ ಲೀಟರ್ ಬಿಸಿನೀರು, ಬಿಲ್ಲೆ ಕೊಯ್ದ ಮೂಲಂಗಿ, ಉಪ್ಪು, ಎರಡು ಚಮಚ ಸೋಯಾ ಸಾಸ್. ಮೂಲಂಗಿಯನ್ನು ಬಿಡಬೇಡಿ. ಬೆಂದ ಮೂಲಂಗಿಯ ಸಿಹಿ ಇಲ್ಲದ ತೆಂತುಕ್ ನನ್ನ ಪಾಲಿಗೆ ತೆಂತುಕ್ ಅಲ್ಲ.

ಟಿಬೆಟನ್ನರು ಇದಕ್ಕೆ ನಾಲಿಗೆ ಜುಮ್ಮೆನಿಸುವ ಒಂದು ಕಾಳನ್ನು ಪುಡಿ ಮಾಡಿ ಉದುರಿಸುತ್ತಾರೆ. ಚೀನಾದ ಸಿಚುವಾನ್ ಅಡುಗೆಯಲ್ಲಿ ಹೆಸರಾದ ಕಾಳು ಅದು. ಅದರ ಸೋದರ ಸಂಬಂಧಿ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ: ಮೈತುಂಬ ಮುಳ್ಳಿನ ಜುಮ್ಮನ ಮರ. ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಬಂಗಡೆ ಮೀನಿನ ಸಾರಿಗೆ ಬೀಳುವ ತಿರ್ಫಲ ಅದರದೇ ಕಾಯಿ. ಕುಮಟೆಯ ಕಡೆ ಹೋದವರಿಂದ ವರ್ಷಕ್ಕಾಗುವಷ್ಟು ತರಿಸಿ ಡಬ್ಬಿಯಲ್ಲಿಟ್ಟುಕೊಂಡಿದ್ದೇನೆ. ಒಳಗಿನ ಕರಿ ಬೀಜ ಎಸೆದು ಸಿಪ್ಪೆಯನ್ನಷ್ಟೇ ಬೆಚ್ಚಗೆ ಹುರಿದು ಕುಟ್ಟಬೇಕು. ಕಿತ್ತಳೆ ಸಿಪ್ಪೆಯ ಪರಿಮಳ ಮನೆಯಿಡೀ ಏಳುತ್ತದೆ. ಘಟ್ಟದ ಕಾಯಿಯೊಂದು ಆಮ್ಡೊದ ಸಾರಿಗೆ ಇಷ್ಟು ಸಲೀಸಾಗಿ ಹೊಂದಿದ್ದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಸಾರು ಮಳ್ಳಿದಾಗ ಎಲ್ಲರನ್ನೂ ಕರೆಯುತ್ತೇನೆ. ಹಿಟ್ಟನ್ನು ನಾಲ್ಕು ಪಾಲು ಮಾಡಿ ಹೊಸೆದು ಒಬ್ಬೊಬ್ಬರ ಮುಂಗೈಗೆ ಒಂದೊಂದು. ಮೊದಲು ಬಿದ್ದ ಚೂರು ಬೆಂದು ತೇಲುವಾಗ ಕೊನೆಯದು ಇನ್ನೂ ಕೈಯಲ್ಲಿರುತ್ತದೆ, ಆದ್ದರಿಂದ ಬೇಗ ಬೇಗ ಹರಿಯಬೇಕು, ಕೈ ಹೆಚ್ಚಿದ್ದಷ್ಟು ಒಳ್ಳೆಯದು. ಒಲೆಯ ಸುತ್ತ ಹೆಗಲಿಗೆ ಹೆಗಲು ತಾಗಿಸಿ ನಿಂತಾಗ ಫೋನ್ ಹಿಡಿಯಲು ಯಾರಿಗೂ ಕೈ ಬಿಡುವಿಲ್ಲ. ಮಗಳ ಚೂರುಗಳು ತೆಳ್ಳಗೆ ಅಂಚು ಹರಕಾಗಿ, ಗಂಡನವು ದಪ್ಪಗೆ. ಬಟ್ಟಲಲ್ಲಿ ಯಾರದು ಯಾವುದೆಂದು ಗೊತ್ತಾಗುತ್ತದೆ. ದಪ್ಪನೆಯದರಲ್ಲಿ ಅಗಿಯುವ ಸುಖ, ತೆಳ್ಳನೆಯದು ಸಾರು ಹೀರಿ ಜಾರಿಹೋಗುತ್ತದೆ. ಅಂಗಡಿಯ ಒಂದೇ ಅಳತೆಯ ನೂಡಲ್ಸಿನಲ್ಲಿ ಇದು ಸಿಗುವುದಿಲ್ಲ.

ಹೊಸವರ್ಷದ ಲೋಸಾರ್ ಹಬ್ಬಕ್ಕೆ ಮುನ್ನ, ಟಿಬೆಟನ್ ವರ್ಷದ ಕೊನೆಯ ತಿಂಗಳ 29ರ ರಾತ್ರಿ, ಟಿಬೆಟನ್ ಮನೆಗಳಲ್ಲಿ ಗುತುಕ್ ಮಾಡುತ್ತಾರೆ. ಅದೂ ಹಿಟ್ಟಿನ ಸಾರೇ, ಒಂಬತ್ತು ಬಗೆ ಸಾಮಗ್ರಿ ಬಿದ್ದದ್ದು. ದೊಡ್ಡ ಉಂಡೆಗಳೊಳಗೆ ಒಂದೊಂದು ವಸ್ತು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕವರು ಬಾಯಾಳಿ, ಇದ್ದಿಲು ಸಿಕ್ಕರೆ ಕರಿ ಮನಸ್ಸು, ಉಣ್ಣೆ ಸಿಕ್ಕರೆ ಮೃದು ಹೃದಯ. ಅಮಾಲಾ ಮನೆಯಲ್ಲಿ ನನಗೆ ಉಣ್ಣೆ ಸಿಕ್ಕ ರಾತ್ರಿ ಅದನ್ನು ತೊಳೆದು ಒಣಗಿಸಿ ಜಾಮಿಟ್ರಿ ಡಬ್ಬಿಯಲ್ಲಿಟ್ಟುಕೊಂಡಿದ್ದೆ.

ಮತ್ತೆ ನಮ್ಮ ತೆಂತುಕ್‌ಗೆ ಬಂದರೆ, ಪಾಲಕ್ ಹಾಕಿದ ಮೇಲೆ ಒಂದೇ ಕುದಿ. ಬಟ್ಟಲಿಗೆ ಬಡಿಸಿ, ಮೇಲೆ ಈರುಳ್ಳಿ ಹೂವಿನ ಹಸಿರು, ತಿರ್ಫಲದ ಪುಡಿ, ಪಕ್ಕಕ್ಕೆ ಬ್ಯಾಡಗಿ ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಚಟ್ನಿ. ನಮ್ಮ ಸುತ್ತಿನ ಬಾಡಿಗೆ ಮನೆಗಳಲ್ಲಿ ಮಾಂಸ ಬೇಯಿಸಲು ಕಿಟಕಿ ಮುಚ್ಚುವವರನ್ನು ಕಂಡಿದ್ದೇನೆ. ನಮ್ಮ ಕಿಟಕಿ ತೆರೆದೇ ಇರುತ್ತದೆ. ಹಸಿದವರಿಗೆಂದು ಪ್ರೀತಿಯಿಂದ ಬೇಯಿಸಿದ್ದನ್ನು ಕದ್ದು ತಿನ್ನುವ ಅಗತ್ಯ ನನಗೆ ಕಾಣುವುದಿಲ್ಲ. ಮೇಲಿನ ಮನೆಯ ಸಸ್ಯಾಹಾರಿ ಗೆಳತಿ ಆ ಪರಿಮಳ ಹಿಡಿದೇ ಬಂದು ವಿಧಾನ ಕೇಳಿದಳು. ಮಾಂಸದ ಜಾಗಕ್ಕೆ ಅಣಬೆ ಹೇಳಿಕೊಟ್ಟೆ. ಅಣಬೆಯೂ ಹಾಗೆಯೇ, ಜೋರು ಉರಿಯಲ್ಲಿ ಕಂದು ತಿರುಗುವ ತನಕ ಹುರಿಯಬೇಕು. ಸೋಯಾ ಅರ್ಧ ಚಮಚ ಜಾಸ್ತಿ ಹಾಕಬೇಕು. ಮೂಲಂಗಿ ಮಾತ್ರ ಅಲ್ಲಿಯೂ ಬಿಡುವಂತಿಲ್ಲ.