ಢಾಕಾದ ಜೋಶಿ

ಬಸ್ತಿಹಳ್ಳಿಯಲ್ಲಿ ಬಸದಿ ಆಚೆಯ ಬಯಲಲ್ಲಿ ಆಡುವಾಗ ಎಲ್ಲರಿಗೂ ಪಕ್ಕದ ಜಾವಗಲ್ ಹೆಸರು ಹೊತ್ತ ಶ್ರೀನಾಥ್ ಆಗೋ ಆಸೆ. ನಾನೊಬ್ಬ ಎಡಗೈ ಸ್ಪಿನ್ನರ್. ಅದಕ್ಕೇ ದೊಡ್ಡ ಹುಡುಗರು ನನ್ನನ್ನ ‘ಜೋಶಿ’ ಅಂತಿದ್ರು.

ಗದಗಿನ ಸುನಿಲ್ ಜೋಶಿ ಬೆಳಗ್ಗೆಯೇ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ವಾಪಸ್ ಬರ್ತಿದ್ದರಂತೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್! ಎಲ್ಲರಿಗೂ ನೆನಪಿರೋದು ಇದೇ. ನನಗೆ ಮಾತ್ರ 2000ದ ನವೆಂಬರ್. ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಜೋಶಿ 8 ವಿಕೆಟ್ ಕಿತ್ತು, 92 ರನ್ ಹೊಡೆದು ಪಂದ್ಯಶ್ರೇಷ್ಠರಾದರು. 2017ರಲ್ಲಿ ಅದೇ ಬಾಂಗ್ಲಾ ಅವರನ್ನೇ ಕರೆದು ಸ್ಪಿನ್ ಕೋಚ್ ಮಾಡಿಕೊಂಡಿತು.

ಕಳೆದ ತಿಂಗಳು ನನಗೂ ಎದುರಾಳಿ ಕಂಪನಿಯಿಂದ ಆಫರ್ ಬಂತು. ಕೋಡ್ ಬರೆಯೋಕಲ್ಲ, ಹೊಸ ಹುಡುಗರಿಗೆ ಕಲಿಸೋಕೆ.

“ಇಷ್ಟು ದಿನ ಯಾರ ಮೇಲೆ ಪೈಪೋಟಿ ಮಾಡಿದ್ಯೋ ಅವರ ಮನೆಗೇ ಹೋಗ್ತೀಯೇನೋ?” ಅಂದ್ರು ಅಪ್ಪ, ಫೋನಲ್ಲಿ.

ಜೋಶಿ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು.

“ಅವರು ಆಡೋದು ಮುಗಿಸಿ ಹೋದೋರು ಕಣೋ. ನಿಂದು ಮುಗೀತಾ?”

ಸೋಮವಾರದೊಳಗೆ ಕಂಪನಿಗೆ ಉತ್ತರ ಕೊಡಬೇಕು. ಅಪ್ಪನಿಗಿನ್ನೂ ಕೊಟ್ಟಿಲ್ಲ.